ನೀಲಿ ತಗಡಿನ ಶೆಡ್ಡು

ಮಾಯಪ್ಪನ ದನದ ಶೆಡ್ಡು ಎಷ್ಟು ದೊಡ್ಡದಿತ್ತೆಂದರೆ, ಮೂಡಲ ಬಾಗಿಲಿನಿಂದ ಗಬ್ಬದ ಎಮ್ಮೆ ಒಳಹೊಕ್ಕರೆ ಪಡುವಲ ಬಾಗಿಲಿನಿಂದ ಹೊರಬೀಳುವ ಹೊತ್ತಿಗೆ ಅದರ ಹಿಂದೆ ಕರು, ಕರುವಿನ ಹಿಂದೆ ಆ ಕರುವಿನ ಕರು ನಡೆದು ಬರುತ್ತಿದ್ದವು. ಒಂದು ತುದಿಯ ತಗಡಿನ ಮೇಲೆ ಮಳೆ ದಬದಬ ಹೊಡೆಯುತ್ತಿದ್ದರೆ ಇನ್ನೊಂದು ತುದಿಯ ತಗಡಿನ ಮೇಲೆ ಹೆಣ್ಣುಮಕ್ಕಳು ಹಪ್ಪಳ ಒಣಹಾಕುತ್ತಿದ್ದರು. ಅಲ್ಲಿಯ ಸಗಣಿ ಹೊರಲು ಕಬ್ಬಿನ ಟ್ರ್ಯಾಕ್ಟರುಗಳೆಲ್ಲ ಪಾಳಿ ಹಚ್ಚುತ್ತಿದ್ದುದರಿಂದಲೇ ಆ ಕಡೆಯ ಸಕ್ಕರೆ ಕಾರ್ಖಾನೆಗಳು ಪ್ರತಿ ವರ್ಷ ತಡವಾಗಿ ಚಾಲೂ ಆಗುತ್ತಿದ್ದವು.

ಕುಲಗೋಡದಿಂದ ಗೋಕಾಕಕ್ಕೆ ಹೋಗುವ ಬಸ್ಸಿನಲ್ಲಿ, ಮೂಡಲಗಿ ಸಂತೆಯಲ್ಲಿ, ತನ್ನೂರು ಮುತ್ತಲಹಟ್ಟಿಯ ಚಹಾದಂಗಡಿಯ ಕಟ್ಟೆಯ ಮೇಲೆ, ಮಾಯಪ್ಪ ಇದನ್ನು ಹೇಳದ ದಿನವಿರಲಿಲ್ಲ. ಕೇಳಿದವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅವನಿಗೂ ಅದೇ ಬೇಕಾಗಿತ್ತು. ಸುಳ್ಳನ್ನು ಗುಡ್ಡದಷ್ಟು ಮಾಡಿ ಹೇಳಿದರೆ ಗುಡ್ಡವನ್ನು ಯಾರೂ ನಂಬುವುದಿಲ್ಲ. ಆದರೆ ಗುಡ್ಡದ ಬುಡಕ್ಕೆ ಸಣ್ಣದೊಂದು ಶೆಡ್ಡಾದರೂ ಇರಲೇಬೇಕೆಂದು ಎಲ್ಲರೂ ನಂಬುತ್ತಾರೆ. ಮಾಯಪ್ಪನ ಹಿಕಮತ್ತು ಇಷ್ಟೇ.

ಖರೆ ಹೇಳಬೇಕೆಂದರೆ ಬುಡಕ್ಕೆ ಏನೂ ಇರಲಿಲ್ಲ. ಅವನ ಎರಡು ಎಮ್ಮೆಗಳು ಮನೆಯ ಮುಂದಿನ ಬೇವಿನ ಗಿಡದ ಕೆಳಗೆ ನಿಂತು ನೆರಳು ಸರಿದಂತೆ ತಾವೂ ಸರಿಯುತ್ತಿದ್ದವು. ಅವನು ಹೇಳುತ್ತಿದ್ದ ಶೆಡ್ಡು ಕಾಲುವೆ ದಂಡೆಯ ಮೇಲೆ, ಅವನ ಹೊಲಕ್ಕೂ ವೀರಪ್ಪನ ಹೊಲಕ್ಕೂ ನಡುವಿನ ಬದುವಿಗೆ ಹತ್ತಿ ನಿಂತಿತ್ತು. ಕಟ್ಟಿದವನು ವೀರಪ್ಪ. ಒಳಗೆ ಕಟ್ಟಿದ ದನಗಳೂ ವೀರಪ್ಪನವು. ಮೇಲೆ ಬಿಳಿ ತಗಡುಗಳ ನಡುವೆ ಒಂದೇ ಒಂದು ನೀಲಿ ತಗಡು ಇತ್ತು. ದೂರದಿಂದ ನೋಡಿದರೆ ಬಿಳಿ ಅಂಗಿಗೆ ಹಚ್ಚಿದ ತೇಪೆಯಂತೆ ಕಾಣುತ್ತಿತ್ತು.

ಮೂರು ವರ್ಷದ ಹಿಂದೆ ಮಗ ಭೀಮೇಶನಿಗೆ ಹೆಣ್ಣು ಕೊಡಲು ಹತ್ತರಗಿಯ ಬಸವಲಿಂಗಪ್ಪ ಮನೆ ನೋಡಲು ಬಂದಿದ್ದ. ಬೇವಿನ ಗಿಡದ ಕೆಳಗಿನ ಎರಡು ಎಮ್ಮೆ ನೋಡಿ ಬೀಗರ ಮುಖ ಸಪ್ಪಗಾಗಿದ್ದು ಮಾಯಪ್ಪನ ಕಣ್ಣಿಗೆ ಬಿತ್ತು. ಕೂಡಲೇ ಅವರನ್ನು ಕಾಲುವೆ ದಂಡೆಗೆ ಕರೆದೊಯ್ದು ಶೆಡ್ಡಿಗೆ ಕೈ ಮಾಡಿದ. ನೀಲಿ ತಗಡು ಯಾಕೆ ಎಂದು ಬಸವಲಿಂಗಪ್ಪ ಕೇಳಿದ್ದಕ್ಕೆ, ಇಂಥ ಶೆಡ್ಡಿಗೆ ಊರ ಕಣ್ಣು ಬೀಳದೆ ಇರುತ್ತದೆಯೆ, ಅದು ದೃಷ್ಟಿಬೊಟ್ಟು ಎಂದ. ಹಿಂದೆ ನಿಂತಿದ್ದ ಹೆಂಡತಿ ಸತ್ತೆವ್ವ ಸೆರಗಿನ ಚುಂಗು ಬಾಯಿಗೆ ಇಟ್ಟುಕೊಂಡು ಕಾಲುವೆಯ ನೀರು ನೋಡಿದಳು. ಲಗ್ನವಾಯಿತು.

ಸೊಸೆ ಅನ್ನಪೂರ್ಣಾ ಬಂದ ಹೊಸತಿಗೆ, ನಮ್ಮ ಶೆಡ್ಡಿನಲ್ಲಿ ವೀರಪ್ಪ ಕಾಕಾನ ದನ ಯಾಕೆ ಎಂದು ಕೇಳಿದಳು. ಆವಾಗ ಮಾಯಪ್ಪ ಜನ್ಮದಲ್ಲೇ ಮೊದಲ ಸಲ ದನಿ ಸಣ್ಣದು ಮಾಡಿದ. "ನಮ್ಮ ಎಮ್ಮಿಗೆ ಬೇವಿನ ನೆರಳೈತಿ. ಅವಂಗ ಗಿಡಾನೂ ಇಲ್ಲ. ಬಿಟ್ಟಕೊಟ್ಟೇನಿ. ಅವನ ಮುಂದ ಎಂದೂ ಆಡಬ್ಯಾಡವಾ, ಕೊಟ್ಟದ್ದು ಆಡಿ ತೋರಿಸಿದ್ರ ಪುಣ್ಯ ಸವೀತೈತಿ."

ಅನ್ನಪೂರ್ಣಾ ಆಡಲಿಲ್ಲ. ಅಂದಿನಿಂದ ಮಾವನ ರೊಟ್ಟಿಯ ಮೇಲೆ ಮಾತ್ರ ಒಂದು ಚಮಚ ತುಪ್ಪ ಹೆಚ್ಚು ಬೀಳುತ್ತಿತ್ತು. ಮಾಯಪ್ಪ ಮೂರು ವರ್ಷ ಆ ತುಪ್ಪ ತಿಂದ. ಅವನ ಮೀಸೆಯಿಂದ ಇಳಿದ ತುಪ್ಪದಲ್ಲೇ ನಾಲ್ಕು ಊರಿನ ದೀಪ ಉರಿಯಬಹುದಿತ್ತು.

ಅನ್ನಪೂರ್ಣಾ ಹತ್ತರಗಿಯಲ್ಲಿ ಹನ್ನೆರಡನೆಯ ಇಯತ್ತೆ ಪಾಸಾದವಳು. ಉದ್ಯೋಗ ಖಾತ್ರಿಯಲ್ಲಿ ಪಂಚಾಯ್ತಿಗಳು ಮಾಡಿಸಿದ ಕೆಲಸ ನಿಜವಾಗಿ ಆಗಿದೆಯೋ ಇಲ್ಲವೋ ಎಂದು ಊರೂರಿಗೆ ಹೋಗಿ ನೋಡುವ ಆಡಿಟ್ ತಂಡದಲ್ಲಿ ಕಳೆದ ವರ್ಷ ಅವಳಿಗೆ ಕೆಲಸ ಸಿಕ್ಕಿತ್ತು. ಪಗಾರವಲ್ಲ, ದುಡಿದ ದಿನಕ್ಕೆ ಕೂಲಿ. ಬುತ್ತಿ ಕಟ್ಟಿಕೊಂಡು ಹುಕ್ಕೇರಿ ಕಡೆಗೋ ಗೋಕಾಕ ಕಡೆಗೋ ಬಸ್ ಹತ್ತುತ್ತಿದ್ದಳು. ಮಾಯಪ್ಪನ ಬಾಯಲ್ಲಿ ಅದು, ತನ್ನ ಸೊಸೆ ಬಂದಳೆಂದರೆ ಬೆಳಗಾವಿಯ ಸಾಹೇಬರೆಲ್ಲ ಕುರ್ಚಿ ಬಿಟ್ಟು ಎದ್ದು ಅಂಗಿಯ ಕಿಸೆ ತಿರುವಿ ತೋರಿಸುತ್ತಾರೆ ಎಂದಾಗಿತ್ತು.

ಸಂಜೆಯ ಊಟದ ಹೊತ್ತಿಗೆ ಅವಳು ಕಂಡದ್ದನ್ನು ಹೇಳುತ್ತಿದ್ದಳು. ಊರಿನ ಹೆಸರು ಮಾತ್ರ ಬಾಯಿ ಬಿಡುತ್ತಿರಲಿಲ್ಲ; ಅದು ಕೆಲಸದ ನಿಯಮ. ಹೀಗೆ ಒಂದು ಸಂಜೆ ಝುಣಕ ಬಡಿಸುತ್ತ, ಒಂದೂರಲ್ಲಿ ಬಾವಿ ಹುಡುಕಲು ಹೋದದ್ದನ್ನು ಹೇಳಿದಳು. ಕಾಗದದಲ್ಲಿ ಬಾವಿಯಿದೆ, ಫೋಟೋದಲ್ಲಿ ನೀರು ಸಹಿತ ಇದೆ. ಜಾಗಕ್ಕೆ ಹೋಗಿ ನೋಡಿದರೆ ನೂರು ವರ್ಷದ ಹುಣಸೆ ಗಿಡ.

"ಗಿಡದ ಬುಡಕ ಇರತೈತಿ, ಅಗದ ನೋಡಬೇಕಿತ್ತು," ಎಂದ ಮಾಯಪ್ಪ. ಭೀಮೇಶ ನಕ್ಕು ಬಿಕ್ಕಿದ. ಅವನು ಹಳ್ಳಿಗಳ ಹಾಲು ಎತ್ತಿ ಗೋಕಾಕಕ್ಕೆ ಮುಟ್ಟಿಸುವ ಟೆಂಪೊ ಹೊಡೆಯುತ್ತಿದ್ದ. ಬೆಳಗಿನ ಜಾವಕ್ಕೇ ಏಳಬೇಕಾದವನು, ಬೇಗ ಉಂಡು ಮಲಗುವವನು.

"ಬರೋ ವಾರ ನಮ್ಮೂರ ಸರದಿರಿ," ಎಂದಳು ಅನ್ನಪೂರ್ಣಾ. "ಸ್ವಂತ ಊರಿಗೆ ನಾ ಹೋಗೂಹಂಗಿಲ್ಲ. ಯಮಕನಮರಡಿ ನಾಗರತ್ನಕ್ಕ ಬರತಾರ. ಯಾರೋ ಅರ್ಜಿ ಕೊಟ್ಟಾರಂತ, ಮೂರು ವರ್ಷದಾಗ ಕಟ್ಟಿದ ದನದ ಶೆಡ್ಡೆಲ್ಲಾ ಒಂದೊಂದ ನೋಡತಾರಂತ."

ಮಾಯಪ್ಪ ಮುರಿದ ರೊಟ್ಟಿಯನ್ನು ಹೊಳ್ಳಿ ತಾಟಿಗೆ ಇಟ್ಟ. ಸತ್ತೆವ್ವ ನೀರಿನ ತಂಬಿಗೆ ಮುಂದಕ್ಕೆ ತಳ್ಳಿದಳು. ತಳ್ಳುವಾಗ ಅವನ ಮುಖ ನೋಡಲಿಲ್ಲ.

ಮಾಯಪ್ಪನಿಗೆ ನೆನಪಾದದ್ದು ಒಂದು ಫೋಟೋ. ಮಗನ ಲಗ್ನವಾದ ವರ್ಷವೇ ಪಂಚಾಯ್ತಿ ಮೆಂಬರ ಪರಪ್ಪ ಚಹಾದಂಗಡಿಯಲ್ಲಿ ಶೆಡ್ಡಿನ ಕಥೆ ಕೇಳಿ, ಇಷ್ಟು ದೊಡ್ಡ ಶೆಡ್ಡಿನ ಮಾಲಕನ ಒಂದು ಫೋಟೋನೂ ಇಲ್ಲದಿದ್ದರೆ ಹೇಗೆ ಎಂದಿದ್ದ. ಕಾಲುವೆ ದಂಡೆಗೆ ಕರೆದೊಯ್ದು, ಹೆಸರು ಬರೆದ ಹಲಗೆ ಬಾಜೂಕೆ ನಿಲ್ಲಿಸಿ, ತಲೆಗೆ ಪಟಗಾ ಸುತ್ತಿ, ಎಮ್ಮೆಯ ಹಗ್ಗ ಕೈಗೆ ಕೊಟ್ಟು ಫೋನಿನಲ್ಲಿ ಹಿಡಿದಿದ್ದ. ಪೇಪರಿನಲ್ಲಿ ಬರುತ್ತದೆಂದು ಮಾಯಪ್ಪ ಹಲ್ಲು ಕಿಸಿದು ನಿಂತಿದ್ದ. ಮುಂದೆ ಅವನ ಬ್ಯಾಂಕ್ ಖಾತೆಗೆ ರೊಕ್ಕ ಬಂತು. ಪರಪ್ಪನೇ ಮೂಡಲಗಿಗೆ ಕರೆದೊಯ್ದು ಬಿಡಿಸಿಕೊಂಡು ತನ್ನ ಚೀಲಕ್ಕೆ ಹಾಕಿಕೊಂಡ. ಇದು ಪಂಚಾಯ್ತಿಯ ರೊಕ್ಕ, ಸುಮ್ಮನೆ ನಿನ್ನ ಖಾತೆಯ ಮೇಲೆ ಹಾಯ್ದು ಬಂದಿದೆ ಎಂದ. ಮಾಯಪ್ಪನ ಕೈಗೆ ಒಂದು ಕಿಲೋ ಗೋಕಾಕ ಕರದಂಟಿನ ಡಬ್ಬಿ ಬಂತು. ಪಂಚಾಯ್ತಿಯವರು ಸತ್ಕಾರ ಮಾಡಿದರೆಂದು ಅವನು ಮನೆಯಲ್ಲಿ ಹೇಳಿದ. ಹೊಸ ಸೊಸೆ ಅನ್ನಪೂರ್ಣಾ ಅದನ್ನು ತಾಟಿನಲ್ಲಿಟ್ಟುಕೊಂಡು ಓಣಿಗೆಲ್ಲ ಹಂಚಿ ಬಂದಳು. ವೀರಪ್ಪನ ಮನೆಗೂ ಎರಡು ತುಂಡು ಕೊಟ್ಟಿದ್ದಳು.

ಮರುದಿನ ಮಾಯಪ್ಪ ಸೊಸೆಗೆ, ನಿಮ್ಮವ್ವ ನಿನ್ನ ನೆನೆಸಿ ಸೊರಗಿರಬೇಕು, ಎಂಟು ದಿನ ಹತ್ತರಗಿಗೆ ಹೋಗಿ ಬಾ ಎಂದು ಹೇಳಿ ನೋಡಿದ. ನಿನ್ನೆಯೇ ಫೋನಿನಲ್ಲಿ ಮಾತಾಡಿದ್ದಾಳೆ, ಸೊರಗಿಲ್ಲ, ಇನ್ನಷ್ಟು ದಪ್ಪಗಾಗಿದ್ದಾಳೆ ಎಂದು ಅವಳು ಕಸಬರಿಗೆ ಕೈಗೆತ್ತಿಕೊಂಡಳು.

ನಾಗರತ್ನಾ ಬಂದಳು. ಕುಳ್ಳನೆಯ ಹೆಂಗಸು, ಹೆಗಲಿಗೆ ಚೀಲ, ಚೀಲದಲ್ಲಿ ತನ್ನದೇ ನೀರು, ತನ್ನದೇ ರೊಟ್ಟಿ. ಆಡಿಟಿಗೆ ಹೋದ ಊರಲ್ಲಿ ಯಾರ ಮನೆಯ ಚಹಾನೂ ಕುಡಿಯುವಂತಿಲ್ಲ. ಸತ್ತೆವ್ವ ಅವಲಕ್ಕಿ ಹಚ್ಚಿ ತಂದಿಟ್ಟರೆ ಅದಕ್ಕೆ ಕೈಮುಗಿದಳು. ಅನ್ನಪೂರ್ಣಾ ಕೆಲಸದ ಗೆಳತಿಯಾದರೂ ನಾಗರತ್ನಾ ಅವಳನ್ನು ಹೊಸಬಳಂತೆ ಮಾತಾಡಿಸಿ, ಮಾಯಪ್ಪನ ಹೆಸರಿನಲ್ಲಿ ಸರಕಾರದ ರೊಕ್ಕದ ಒಂದು ಶೆಡ್ಡು ಇದೆ, ತೋರಿಸಿರಿ ಎಂದಳು. ಸರಕಾರವೂ ಕೈ ಹಚ್ಚಿದ್ದನ್ನು ಮಾವ ಹೇಳಿರಲಿಲ್ಲವಲ್ಲ ಎಂದು ಅನ್ನಪೂರ್ಣಾಳಿಗೆ ಸ್ವಲ್ಪ ಸೋಜಿಗವಾಯಿತು. ಆದರೂ ಚಪ್ಪಲಿ ಮೆಟ್ಟಿ ತಾನೇ ಮುಂದಾಗಿ ನಡೆದಳು. ಮಾಯಪ್ಪ ಹಿಂದೆ ಬಂದ. ಕಾಲುವೆಯ ದಾರಿ ಅವನಿಗೆ ಅಂದು ಕಾಶಿಗಿಂತ ದೂರವಾಯಿತು.

ವೀರಪ್ಪ ಗೋದಲಿಗೆ ಮೇವು ಹಾಕುತ್ತಿದ್ದ. ದಿನಕ್ಕೆ ಹತ್ತು ಮಾತಾಡಿದರೆ ಹನ್ನೊಂದನೆಯದನ್ನು ನಾಳೆಗೆ ಇಡುವ ಮನುಷ್ಯ. ಇದು ಯಾರ ಶೆಡ್ಡು ಎಂದು ನಾಗರತ್ನಾ ಕೇಳಿದ್ದಕ್ಕೆ, "ನಂದ್ರಿ," ಎಂದ. ಅರ್ಜಿ ಕೊಟ್ಟವನೂ ತಾನೇ; ಕೈಯಿಂದ ರೊಕ್ಕ ಹಾಕಿ ಕಟ್ಟಿ ಮೂರು ವರ್ಷವಾಯಿತು, ಪಂಚಾಯ್ತಿಯಿಂದ ಬರಬೇಕಾದ ಇಟ್ಟಂಗಿ, ತಗಡು, ಸಿಮೆಂಟಿನ ಬಿಲ್ಲು ಇನ್ನೂ ಬಂದಿಲ್ಲ ಎಂದ.

ಅನ್ನಪೂರ್ಣಾಳ ಮುಖ ಕೆಂಪಗಾಯಿತು. "ಕಾಕಾ, ಇಷ್ಟ ದಿನ ನಾ ಆಡಿರಲಿಲ್ಲ, ನೀವ ಆಡಸಾಕತ್ತೀರಿ. ಇದು ನಮ್ಮ ಮಾವಂದು. ನಿಮಗ ದನಾ ಕಟ್ಟಾಕ ಬಿಟ್ಟಾರ, ಅದನ್ನ ನಿಮ್ಮದಂತ ಬರಸೂದಾ?"

ವೀರಪ್ಪನ ಕೈಯೊಳಗಿನ ಮೇವು ಕೈಯೊಳಗೇ ಉಳಿಯಿತು. ಅವನು ಅವಳನ್ನು ಬಿಟ್ಟು ಮಾಯಪ್ಪನ ಕಡೆ ನೋಡಿದ.

"ಮಾಯಪ್ಪಾ, ಏನ್ ಹೇಳಾಕತ್ತಾಳೋ ನಿನ್ನ ಸೊಸಿ?"

ಗುಡ್ಡದಂಥ ಸುಳ್ಳುಗಳು ಹಗಲೆಲ್ಲ ಎತ್ತಿನ ಗಾಡಿಯಂತೆ ಹೊರಡುತ್ತಿದ್ದ ಬಾಯಿಂದ ಸಣ್ಣದೊಂದು ಸುಳ್ಳು ಹೊರಡಿಸಲು ಮಾಯಪ್ಪನಿಗೆ ಮೈಯೆಲ್ಲ ಬೆವರಿತು. ಸೊಸೆ ಅವನನ್ನೇ ನೋಡುತ್ತಿದ್ದಳು.

"ನಂದ," ಎಂದ.

ವೀರಪ್ಪ ಮೇವು ಗೋದಲಿಗೆ ಹಾಕಿ, ಕೈ ಜಾಡಿಸಿಕೊಂಡು ನಿಂತ. ಬೈದಿದ್ದರೆ ಮಾಯಪ್ಪನೂ ಬೈಯುತ್ತಿದ್ದ; ಹೊಡೆಯಲು ಬಂದಿದ್ದರೆ ಓಡುತ್ತಿದ್ದ. ಸುಮ್ಮನೆ ನಿಂತವನ ಮುಂದೆ ಏನು ಮಾಡಬೇಕೆಂದು ಅವನಿಗೆ ತಿಳಿಯಲಿಲ್ಲ.

ನಾಗರತ್ನಾ ಮಾತ್ರ ಶೆಡ್ಡಿನ ಮೇಲೆ ಕಣ್ಣಿಟ್ಟಿದ್ದಳು. ನೀಲಿ ತಗಡು ನೋಡಿದಳು. ಫೋನು ತೆಗೆದು ಒಂದು ಫೋಟೋ ನೋಡಿದಳು, ಮತ್ತೊಂದು ನೋಡಿದಳು. ಮೂಡಲ ಕಡೆ ಹೋಗಿ ನಿಂತು ನೋಡಿದಳು, ಪಡುವಲ ಕಡೆಯಿಂದ ನೋಡಿದಳು.  ಗೋದಲಿಯ ಅಂಚಿಗೆ ಕುಳಿತು ತನ್ನ ಬಾಟಲಿಯ ನೀರು ಕುಡಿದಳು.

"ಅನ್ನಪೂರ್ಣಾ, ಇಲ್ಲಿ ಬಾ. ಇವು ನಿಮ್ಮೂರ ಬ್ಯಾರೆ ಬ್ಯಾರೆ ಹನ್ನೊಂದ ಮಂದಿ ಶೆಡ್ಡಿನ ಫೋಟೋ. ಎಲ್ಲಾದರಾಗೂ ನೀಲಿ ತಗಡ ಐತಿ ನೋಡು."

ನಾಲ್ಕು ದಿಕ್ಕಿನಿಂದ, ಹತ್ತಿರದಿಂದ, ದೂರದಿಂದ, ಒಂದು ಬೆಳಗಿನ ಹೊತ್ತು, ಒಂದು ಸಂಜೆ. ಪ್ರತಿಯೊಂದರ ಮುಂದೆಯೂ ಒಬ್ಬೊಬ್ಬ, ಬಾಜೂಕೆ ಒಂದೊಂದು ಹಲಗೆ. ಹತ್ತು ಹೆಸರಿಗೆ ರೊಕ್ಕ ಹೋಗಿತ್ತು. ಹನ್ನೊಂದನೆಯ ಹೆಸರು ವೀರಪ್ಪನದು. ಅವನ ಹೊತ್ತಿಗೆ ರೊಕ್ಕ ತೀರಿತ್ತು.

ಅನ್ನಪೂರ್ಣಾ ಫೋನು ಹಿಡಿದವಳು ಹಾಗೇ ನಿಂತಳು. ಬೇರೆ ಊರುಗಳಲ್ಲಿ ಇಲ್ಲದ ಬಾವಿ ಕಂಡು ನಕ್ಕವಳಿಗೆ ಇಲ್ಲಿ ನಗು ಬರಲಿಲ್ಲ.  ಜೀವಮಾನವೆಲ್ಲ ಶೆಡ್ಡನ್ನು ಹಿಗ್ಗಿಸಿದವನು ಮಾಯಪ್ಪ. ಆದರೂ ಒಂದು ಶೆಡ್ಡನ್ನು ಹನ್ನೊಂದು ಮಾಡಲು ಅವನ ಬಾಯಿಗೂ ಆಗಿರಲಿಲ್ಲ. ಇಷ್ಟು ದೊಡ್ಡ ಸುಳ್ಳನ್ನು ಒಂದೇ ಒಂದು ನಗೆ ಇಲ್ಲದೆ, ಕಾಗದಕ್ಕೆ ಶಿಕ್ಕಾ ಹೊಡೆದು ಇಟ್ಟಿದ್ದರು.

ನಾಗರತ್ನಾ ಎದ್ದಳು. "ಶೆಡ್ಡ ಒಂದ ಐತಿ. ಅದಕ್ಕ ಮಾಲಕ ಒಬ್ಬಾಂವ. ಯಾರಂತ ಗುರುವಾರ ಗ್ರಾಮಸಭಾದಾಗ ಊರಮಂದಿ ಮುಂದ ಹೇಳಬೇಕು. ಅವನ ಹೆಸರು ಉಳಿತೈತಿ. ಉಳಿದವರು ರೊಕ್ಕಾ ತುಂಬಬೇಕು, ಸುಳ್ಳ ಹೇಳ್ಯಾರಂತ ಬರಿತೇವಿ."

ಮರುದಿನ ಪರಪ್ಪ ಮನೆಗೆ ಬಂದ. ಕೈಯಲ್ಲಿ ಕರದಂಟಿನ ಡಬ್ಬಿ. ಸತ್ತೆವ್ವ ಅದನ್ನು ಒಳಗೆ ಒಯ್ಯಲಿಲ್ಲ. "ಹೊಳ್ಳಿ ತಗೊಂಡ ಹೋಗ್ರಿ, ಹಿಂದಿನದ ಇನ್ನೂ ಕರಗಿಲ್ಲ," ಎಂದು ಎಮ್ಮೆಗೆ ನೀರು ತೋರಿಸಲು ಹೋದಳು.

ಪರಪ್ಪ ಬೇಸರ ಮಾಡಿಕೊಳ್ಳಲಿಲ್ಲ. ಗಿಡದ ಕೆಳಗೆ ಕುಳಿತು ಎಲ್ಲ ಹೊಂದಿಸಿ ಹೇಳಿದ. ಒಂಬತ್ತು ಶೆಡ್ಡು ಹೊಳೆ ಬಂದಾಗ ಕೊಚ್ಚಿಕೊಂಡು ಹೋದವು ಎಂದು ಬರೆಸುವುದು. ಫೋಟೋ ಅದಲುಬದಲಾಗಿದ್ದು ಕಂಪ್ಯೂಟರಿನವನ ತಪ್ಪು ಎನ್ನುವುದು. ನಿಂತದ್ದೊಂದು ಮಾಯಪ್ಪನದು. ಅರ್ಜಿ ಕೊಟ್ಟ ವೀರಪ್ಪ ಸುಳ್ಳ ಎಂದಾದರೆ ಅರ್ಜಿಯೂ ಸುಳ್ಳು.

"ಒಂಬತ್ತ ಕೊಚ್ಚಿಕೊಂಡ ಹೋದವು, ನಡುವಿಂದೊಂದ ನಿಂತೀತ?" ಎಂದು ಮಾಯಪ್ಪ ಕೇಳಿದ. ಕಸುಬಿನವನು ಕಸುಬಿನವನಿಗೆ ಕೇಳಿದಂತಿತ್ತು.

"ಹೊಳಿ, ಅದರ ಮನಸ್ಸು," ಎಂದ ಪರಪ್ಪ. "ನೀ ಏನೂ ಮಾತಾಡೂದ ಬ್ಯಾಡ. ನಿನ್ನ ಮಾತಿಗೆ ಮಂದಿ ನಗತಾರ. ನಿನ್ನ ಸೊಸಿ ಎದ್ದ ನಿಂತು, ನಮ್ಮ ಮಾವಂದು ಅಂದ್ರ ಸಾಕು. ಸ್ವತಃ ಆಡಿಟಿನಾಕಿ. ಆಕಿ ಮಾತು ಯಾರ ಸುಳ್ಳ ಅಂತಾರ?"

"ವೀರಪ್ಪ?"

"ಬರದ ಬಿಲ್ಲು ಬರಂಗಿಲ್ಲ. ಅದರಾಗ ಹೊಸಾದೇನೈತಿ?"

ಆ ವಾರ ಮನೆಯಲ್ಲಿ ಊಟಕ್ಕೆ ರುಚಿ ಇರಲಿಲ್ಲ. ಇಲ್ಲದ ಶೆಡ್ಡಿಗಾಗಿ ಇರುವ ಎಮ್ಮೆ ಮಾರಬೇಕಾದೀತು ಎಂದು ಭೀಮೇಶ ಗೊಣಗಿದ. ತಂದೆಯ ಶೆಡ್ಡು ತಂದೆಯದಲ್ಲ ಎಂಬುದು ಅವನಿಗೂ ಗೊತ್ತಿತ್ತು; ಲಗ್ನಕ್ಕೆ ಮೊದಲು ಹೇಳಲಾರದ್ದನ್ನು ಲಗ್ನವಾದ ಮೇಲೆ ಹೇಗೆ ಹೇಳುವುದೆಂದು ಟೆಂಪೊದ ಚಾವಿ ತೆಗೆದುಕೊಂಡು ಹೊರಗೇ ತಿರುಗಿದ. ಅನ್ನಪೂರ್ಣಾ ಮಾತ್ರ ಮಾವನ ರೊಟ್ಟಿಗೆ ತುಪ್ಪ ಹಾಕುವುದನ್ನು ಬಿಡಲಿಲ್ಲ. ಬುಧವಾರ ಬಡಿಸುತ್ತ ಹೇಳಿದಳು:

"ನಮ್ಮ ಅಪ್ಪಗ ಫೋನ್ ಮಾಡೇನ್ರಿ. ನಾಳೆ ಹತ್ತರಗಿಂದ ಬರತಾರ. ಲಗ್ನಕ್ಕ ಮೊದಲ ಅವರೂ ಶೆಡ್ಡ ನೋಡ್ಯಾರ, ಸಾಕ್ಷಿ ಹೇಳತಾರ. ಅವರದಾದ ಮ್ಯಾಲ ನಾನೂ ಹೇಳತೇನಿ."

ಹಾಗೆ ಹೇಳಿದರೆ ಕೆಲಸಕ್ಕೆ ಕುತ್ತು ಬರುವುದಿಲ್ಲವೆ ಎಂದು ಮಾಯಪ್ಪ ಮೆಲ್ಲಗೆ ಕೇಳಿದ. ಸುಳ್ಳು ಹೇಳಿದರೆ ತಾನೇ ಬರುವುದು, ಎಂದಳು ಅವಳು. ನಾಗರತ್ನಕ್ಕ ನಿನ್ನೆ ಫೋನಿನಲ್ಲಿ, ನಿಮ್ಮ ಮಾವ ಬಾಯಿಬಡಕ ಅಂತಾರಲ್ಲ ಎಂದು ಕೇಳಿದ್ದಳಂತೆ. "ನಮ್ಮ ಮಾವ ದೊಡ್ಡ ಸುಳ್ಳ ಹೇಳತಾರ, ಸಣ್ಣದು ಹೇಳಂಗಿಲ್ಲ ಅಂದ್ನಿರಿ."

ಮಾಯಪ್ಪನಿಗೆ ತುಪ್ಪ ಕಹಿಯಾಯಿತು. ಕೈ ತೊಳೆಯಲು ಎದ್ದವನನ್ನು ಸತ್ತೆವ್ವ ಬಚ್ಚಲ ಬಾಗಿಲಲ್ಲಿ ತಡೆದಳು.

"ಮೂರ ವರ್ಷ ನಾನೂ ಬಾಯಿ ಮುಚ್ಚಿಕೊಂಡ ಕುಂತೇನಿ, ಕರದಂಟೂ ತಿಂದೇನಿ. ನಾಳೆ ಆ ಹುಡುಗಿ ಎದ್ದ ನಿಂತ್ರ ನಾನ ಎದ್ದ ಹೇಳಾಕಿ. ಆದ್ರ ನನ್ನ ಬಾಯಿಂದ ಬ್ಯಾಡ. ನಿಮ್ಮ ಬಾಯಿಂದ ಹೋದದ್ದು, ನಿಮ್ಮ ಬಾಯಿಂದ ಬರಲಿ."

ಗುರುವಾರ ಪಂಚಾಯ್ತಿಯ ಮುಂದೆ ಪೆಂಡಾಲು ಹಾಕಿದ್ದರು. ಮಂದಿ ಎಷ್ಟು ಕೂಡಿತ್ತೆಂದರೆ, ಗೋಕಾಕ, ಹುಕ್ಕೇರಿ, ಮೂಡಲಗಿ ಮೂರೂ ತಾಲೂಕು ಖಾಲಿಯಾಗಿ ನಾಯಿಗಳು ಅಂಗಡಿ ಕಾಯುತ್ತಿದ್ದವು. ಬಸವಲಿಂಗಪ್ಪ ಇಸ್ತ್ರಿ ಮಾಡಿದ ಧೋತರ ಉಟ್ಟು ಮುಂದಿನ ಕುರ್ಚಿಯಲ್ಲಿ ಕುಳಿತಿದ್ದ. ನಾಗರತ್ನಾ ಒಂದೊಂದೇ ಹೆಸರು ಓದಿದಳು. ಪ್ರತಿ ಹೆಸರಿಗೂ ಪೆಂಡಾಲಿನಲ್ಲಿ ಒಂದು ತಲೆ ಕೆಳಗಾಯಿತು. ಕೊನೆಗೆ, ಕಾಲುವೆ ದಂಡೆಯ ಶೆಡ್ಡು ಮಾಯಪ್ಪನದೋ ವೀರಪ್ಪನದೋ, ತಿಳಿದವರು ಹೇಳಿರಿ ಎಂದಳು.

ಅನ್ನಪೂರ್ಣಾ ಎದ್ದು ಸೆರಗು ಸರಿಮಾಡಿಕೊಂಡಳು. "ನಾ ಹೇಳತೇನ್ರಿ."

"ನೀ ಕುಂದರವಾ," ಎಂದ ಮಾಯಪ್ಪ. ಎದ್ದು ನಿಂತಿದ್ದ, ಎದ್ದದ್ದು ಅವನಿಗೇ ಆಮೇಲೆ ತಿಳಿಯಿತು. "ಶೆಡ್ಡ ನಂದಲ್ಲ."

ಪೆಂಡಾಲು ಗೊಳ್ಳೆಂದು ನಕ್ಕಿತು. ಮಾಯಪ್ಪ ಇನ್ನೊಂದು ಹೊಸದು ತಂದ ಎಂದು ಹಿಂದಿನವರು ಮುಂದೆ ಬಂದರು. ಹಂಗಾದ್ರ ಯಾರದೋ, ಇಂದ್ರದೇವಂದ ಏನು ಎಂದು ಯಾರೋ ಕೂಗಿದರು. ಜನ್ಮದಲ್ಲಿ ಒಂದು ಖರೆ ಮಾತು ಹೇಳಲು ಎದ್ದರೆ ಅದನ್ನೂ ಯಾರೂ ನಂಬಲಿಲ್ಲ. ಮಾಯಪ್ಪ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತ. ಅವನು ನಗಲಿಲ್ಲ ಎಂಬುದು ಒಬ್ಬೊಬ್ಬರಿಗೇ ಕಾಣಿಸಿ ನಗೆ ತಾನಾಗಿ ಕಡಿಮೆಯಾಯಿತು.

"ವೀರಪ್ಪಂದು," ಎಂದ. "ಸಣ್ಣದು. ನಾಕ ದನಾ ಕಟ್ಟಿದ್ರ ಐದನೇದರ ಬಾಲ ತೋಯಿತೈತಿ. ನನಗ ಶೆಡ್ಡ ಇಲ್ಲ. ಹಿಂದೂ ಇರಲಿಲ್ಲ. ಬೀಗರಿಗೆ ಸುಳ್ಳ ತೋರಿಸಿದೆ. ಪರಪ್ಪ ನಿಂದರ ಅಂದಾ, ಫೋಟೋಕ್ಕ ನಿಂತೆ. ರೊಕ್ಕಾ ಅಂವ ಒಯ್ದಾ. ನಾ ಕರದಂಟ ತಿಂದೆ. ಕಿಲೋ ಡಬ್ಬಿ."

ಅವನ ಬಾಯಿಂದ ಇಷ್ಟು ಸಣ್ಣ ಮಾತುಗಳನ್ನು ಊರು ಕೇಳಿರಲಿಲ್ಲ. 

ಆಗ ಹಿಂದಿನಿಂದ ಮಾಲಿಂಗಪ್ಪ ಎಂಬ ಇನ್ನೊಬ್ಬ ಫೋಟೋದವನು ಎದ್ದ. ಅವನ ಮುಖ ಸಿಟ್ಟಿನಿಂದ ಕಪ್ಪಾಗಿತ್ತು. "ಇವಂಗ ಕಿಲೋ ಕೊಟ್ಟೀ ಏನೋ ಪರಪ್ಪಾ? ನನಗ ಅರ್ಧಾ ಕಿಲೋ ಅಷ್ಟ ಕೊಟ್ಟಿದ್ದೆಲ್ಲೋ."

ಅದಾದ ಮೇಲೆ ಯಾರನ್ನೂ ಕೇಳಬೇಕಾಗಲಿಲ್ಲ. ಒಬ್ಬನಿಗೆ ಪಾವ ಕಿಲೋ, ಒಬ್ಬನಿಗೆ ಬರೀ ಚಹಾ ಮತ್ತು ಗಿರಮಿಟ್ಟು. ಪರಪ್ಪ ಫೋನು ಕಿವಿಗೆ ಹಚ್ಚಿಕೊಂಡು ಪೆಂಡಾಲಿನ ಹೊರಗೆ ನಡೆದ, ಫೋನು ಬಂದಿರಲಿಲ್ಲ.

ನಾಗರತ್ನಾ ವೀರಪ್ಪನಿಗೆ ಒಂದೇ ಮಾತು ಕೇಳಿದಳು, ಆ ನೀಲಿ ತಗಡು ಯಾಕೆ ಹಾಕಿದಿರಿ ಎಂದು.

"ಒಂದ ತಗಡ ಕಡಿಮಿ ಬಿತ್ತರಿ. ತರಾಕ ರೊಕ್ಕ ಇರಲಿಲ್ಲ. ನಮ್ಮ ಬಚ್ಚಲದ ಮ್ಯಾಲಿಂದು ತಗದ ಹಾಕಿದೆ. ಬಿಲ್ಲ ಬಂದ ಮ್ಯಾಲ ಬಚ್ಚಲಕ್ಕ ಹಾಕೂನು ಅಂತ."

ಅನ್ನಪೂರ್ಣಾ ನಿಂತಲ್ಲೇ ಕುಳಿತಳು. ವೀರಪ್ಪನ ಮನೆಯ ಬಚ್ಚಲಿಗೆ ಮೇಲೆ ಗೋಣಿಚೀಲ ಕಟ್ಟಿದ್ದನ್ನು ಅವಳು ಮೂರು ವರ್ಷದಿಂದ ದಿನಾ ನೋಡಿದ್ದಳು. ಅವನ ಹೆಂಡತಿ, ಬೆಳೆದ ಮಗಳು ಇನ್ನೂ ಬೆಳಕಾಗುವ ಮೊದಲೇ ಮೈತೊಳೆದುಕೊಳ್ಳುವುದೂ ಅವಳಿಗೆ ಗೊತ್ತಿತ್ತು. ಅಪ್ಪನೂ ತಾನೂ ದೃಷ್ಟಿಬೊಟ್ಟು ಎಂದು ನಂಬಿದ್ದು ಅವರ ಬಚ್ಚಲದ ಮಾಳಿಗೆಯಾಗಿತ್ತು.

ಶೆಡ್ಡು ವೀರಪ್ಪನದೆಂದೂ ಅವನ ಬಿಲ್ಲು ಕೊಡತಕ್ಕದ್ದೆಂದೂ ಸಭೆಯಲ್ಲಿ ಬರೆದುಕೊಂಡರು. ಪರಪ್ಪನ ಮೇಲೆ ತನಿಖೆ ಎಂದು ಬರೆದರು. ಖಾತೆಯ ಮೇಲೆ ಹಾಯ್ದು ಹೋದ ರೊಕ್ಕ ಮಾಯಪ್ಪನೂ ತುಂಬಬೇಕು ಎಂದು ಬರೆದರು.

ಸತ್ತೆವ್ವ ಬೀಗರಿಗೆಂದು ಎಣಗಾಯಿ, ಹುಗ್ಗಿ ಮಾಡಿಟ್ಟಿದ್ದಳು. ಬಸವಲಿಂಗಪ್ಪ ಮನೆಯ ತನಕ ಬಂದ, ಕಟ್ಟೆಯ ಮೇಲೆ ಕುಳಿತ, ಮಗಳು ಕೊಟ್ಟ ನೀರು ಕುಡಿದ. ಬೇವಿನ ಗಿಡದ ಕೆಳಗಿನ ಎರಡು ಎಮ್ಮೆಗಳನ್ನು ಬಹಳ ಹೊತ್ತು ನೋಡಿದ. ಎದ್ದು, ಹೋಗಿ ಬರುತ್ತೇನೆ ಎಂದು ಮಗಳಿಗಷ್ಟೇ ಹೇಳಿ ಬಸ್ಸಿಗೆ ನಡೆದ. ಬೀಗರು ಉಣ್ಣದೆ ಹೋದದ್ದು ಆ ಮನೆಯಲ್ಲಿ ಅದೇ ಮೊದಲು. ಹುಗ್ಗಿಯನ್ನು ಸಂಜೆ ಎಮ್ಮೆಗಳಿಗೆ ಇಟ್ಟರು.

ಆಮೇಲೆ ವಾರಗಟ್ಟಲೆ ಅನ್ನಪೂರ್ಣಾ ಮಾವನ ಜೊತೆ ಮಾತಾಡಲಿಲ್ಲ. ಬಡಿಸುತ್ತಿದ್ದಳು. ರೊಟ್ಟಿ ಬರುತ್ತಿತ್ತು, ಪಲ್ಲೆ ಬರುತ್ತಿತ್ತು, ತುಪ್ಪ ಬರುತ್ತಿರಲಿಲ್ಲ. ಅವಳನ್ನು ಒಂದು ಸುತ್ತಿನ ಆಡಿಟಿಗೆ ಕರೆಯಲಿಲ್ಲ. ಮನೆಯವರದೇ ತಪ್ಪು ಸಿಕ್ಕಾಗ ಹಾಗೆ ಮಾಡುತ್ತಾರಂತೆ. ಅವಳು ಆ ದಿನಗಳಲ್ಲಿ ಬಳಿದ ನೆಲವನ್ನೇ ಮತ್ತೆ ಬಳಿದಳು. ಭೀಮೇಶ ಸಂಜೆಗೂ ಒಂದು ಹಾಲಿನ ಫೇರಿ ಹಿಡಿದ. ಮಾಯಪ್ಪ ಚಹಾದಂಗಡಿಗೆ ಹೋಗುವುದನ್ನು ಬಿಟ್ಟ. ಹೋಗದೆ ಇದ್ದುದಕ್ಕೆ ಅಂಗಡಿಯವನೇ ಒಮ್ಮೆ ಮನೆಗೆ ಬಂದು, ವ್ಯಾಪಾರ ಕುಂತಿದೆ, ಬಂದು ಏನಾದರೂ ಒಂದು ಹೇಳು ಎಂದು ಕರೆದ. ಮಾಯಪ್ಪ ಎಮ್ಮೆಯ ಮೈ ತಿಕ್ಕುತ್ತಲೇ ಇದ್ದ.

ಒಂದು ದಿನ ಅವನು ಯಾರಿಗೂ ಹೇಳದೆ ಗೋಕಾಕಕ್ಕೆ ಹೋದ. ಸಂಜೆಯ ಬಸ್ಸಿನ ಮೇಲೆ ಒಂದು ಹೊಸ ತಗಡು ಕಟ್ಟಿಕೊಂಡು ಬಂದ. ತಲೆಯ ಮೇಲೆ ಹೊತ್ತು ವೀರಪ್ಪನ ಮನೆಗೆ ನಡೆದ. ವೀರಪ್ಪ ಬೇಡವೆನ್ನಲೂ ಇಲ್ಲ, ಬಾ ಎನ್ನಲೂ ಇಲ್ಲ. ಏಣಿ ತಂದು ಗೋಡೆಗೆ ಆನಿಸಿ ಕೆಳಗೆ ಹಿಡಿದು ನಿಂತ. ಮಾಯಪ್ಪ ಬಚ್ಚಲದ ಮೇಲೆ ಹತ್ತಿ, ಕೊಳೆತ ಗೋಣಿಚೀಲ ಕಿತ್ತು ತಗಡು ಹೊದಿಸಿ ಮೊಳೆ ಹೊಡೆದ. ಎರಡು ಮೊಳೆ ಸೊಟ್ಟಗಾದವು, ಒಂದು ಏಟು ಹೆಬ್ಬೆರಳಿಗೆ ಬಿತ್ತು. ಅನ್ನಪೂರ್ಣಾ ಹಿತ್ತಿಲಲ್ಲಿ ಬಟ್ಟೆ ಒಣಹಾಕುತ್ತ ಅದನ್ನು ನೋಡಿದಳು. ಕೆಳಗಿಳಿದವನಿಗೆ ವೀರಪ್ಪನ ಹೆಂಡತಿ ನೀರು ಕೊಟ್ಟಳು. ಅವನು ಅದನ್ನು ಕುಡಿದು ಯಾರ ಮುಖವನ್ನೂ ನೋಡದೆ ಮನೆಗೆ ಬಂದ.

ಅಂದು ಊಟಕ್ಕೆ ಕುಳಿತಾಗ ತಾಟಿನಲ್ಲಿ ಎರಡು ರೊಟ್ಟಿ, ಮಡಿಕೆಕಾಳಿನ ಪಲ್ಲೆ ಬಂತು. ಆಮೇಲೆ ತುಪ್ಪದ ಬಟ್ಟಲು ಹಿಡಿದು ಅನ್ನಪೂರ್ಣಾ ಮುಂದೆ ನಿಂತಳು. ಸತ್ತೆವ್ವ ಒಲೆಯ ಮುಂದೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಚಮಚ ಬಟ್ಟಲಿನಿಂದ ಮೇಲೆ ಬಂತು, ರೊಟ್ಟಿಯ ಅರ್ಧ ದಾರಿಗೆ ನಿಂತಿತು.

"ಮಾವ, ಇನ್ನೇನರ ಉಳದೈತಿ ಏನ್ರಿ?"

ಏನೂ ಇಲ್ಲ ಎಂದಿದ್ದರೆ ತುಪ್ಪ ಬೀಳುತ್ತಿತ್ತು. ಮಾಯಪ್ಪ ಚಮಚ ನೋಡಿದ.

"ಫೋಟೋದಾಗಿನ ಎಮ್ಮಿ," ಎಂದ. "ಅದೂ ವೀರಪ್ಪಂದ ಬೇ."

"ತಲಿ ಮ್ಯಾಲಿನ ಪಟಗಾ?"

"ಪರಪ್ಪಂದು. ಫೋಟೋ ಆದ ಮ್ಯಾಲ ಹೊಳ್ಳಿ ಇಸ್ಕೊಂಡಾ."

ಒಲೆಯ ಕಡೆಯಿಂದ ಸತ್ತೆವ್ವ ಮೂಗಿನಲ್ಲಿ ಒಂದು ಸಪ್ಪಳ ಮಾಡಿದಳು. ಅನ್ನಪೂರ್ಣಾಳ ಕೈ ಇನ್ನೂ ಅಲ್ಲೇ ಇತ್ತು. ಚಮಚದ ತುದಿಯಲ್ಲಿ ತುಪ್ಪದ ಹನಿ ಬೀಳಲೋ ಬೇಡವೋ ಎಂದು ತೂಗುತ್ತಿತ್ತು.

"ಮತ್ತ ಆ ನಗಿ?"

ಮಾಯಪ್ಪ ತಲೆ ತಗ್ಗಿಸಿದ.

"ನಗಿ ಒಂದ ನಂದ ಬೇ."